ನೆಲನೆಲ್ಲಿಯ ಹೆಸರು

ಮುಂಗಾರು ಮಳೆ ಹಿಡಿದು ಹದಿನೈದು ದಿನಗಳಾದವೆಂದರೆ ಧಾರವಾಡದ ಕೆಮ್ಮಣ್ಣಿನ ದಿನ್ನೆಗಳಲ್ಲಿ, ಮನೆಗಳ ಹಿತ್ತಿಲಿನಲ್ಲಿ, ಶಾಲೆಯ ಅಂಗಳದ ಕಲ್ಲುಸಂದಿಗಳಲ್ಲಿ ಗೇಣುದ್ದದ ಗಿಡವೊಂದು ತಲೆಯೆತ್ತುತ್ತದೆ. ಅದರ ಸಣ್ಣ ಎಲೆಗಳು ಹುಣಸೆಯ ಎಲೆಗಳಂತೆ ಕಡ್ಡಿಯ ಎರಡೂ ಬದಿಗೆ ಸಾಲಾಗಿ ಜೋಡಣೆಗೊಂಡಿರುತ್ತವೆ. ಮೇಲಿನಿಂದ ನೋಡಿದವರಿಗೆ ಹೂವೂ ಕಾಣದು, ಕಾಯಿಯೂ ಕಾಣದು. ಕಡ್ಡಿಯನ್ನು ಮಗುಚಿ ನೋಡಿದಾಗ ಮಾತ್ರ ಎಲೆಗಳ ಮರೆಯಲ್ಲಿ ಪುಟ್ಟ ನೆಲ್ಲಿಕಾಯಿಗಳನ್ನು ಪೋಣಿಸಿ ತೂಗುಬಿಟ್ಟಂತಹ ಸಾಲು ಕಾಣುತ್ತದೆ. ಇದೇ ನೆಲನೆಲ್ಲಿ. ಸಂಸ್ಕೃತದಲ್ಲಿ ಇದನ್ನು ಭೂಮ್ಯಾಮಲಕೀ ಎನ್ನುತ್ತಾರೆ. ಕಾಮಾಲೆಯೆಂದೊಡನೆ ಹಳ್ಳಿಯ ಹಿರಿಯರಿಗೆ ಮೊದಲು ನೆನಪಾಗುವ ಗಿಡವಿದು.

ಗಿಡಮೂಲಿಕೆಗಳನ್ನು ಅಭ್ಯಾಸ ಮಾಡುವವರಿಗೆ ಹುಬ್ಬಳ್ಳಿ-ಧಾರವಾಡಗಳು ಹೇಳಿಮಾಡಿಸಿದ ನೆಲ. ಧಾರವಾಡದ ಪಡುವಣಕ್ಕೆ ಮಲೆನಾಡಿನ ಸೆರಗು. ಅಲ್ಲಿಂದ ಸುಮಾರು 20 ಕಿಲೋಮೀಟರು ದೂರದ ಹುಬ್ಬಳ್ಳಿಯಲ್ಲಿ ಎರೆಭೂಮಿಯ ಬಯಲು. ಒಂದೇ ದಿನದ ತಿರುಗಾಟದಲ್ಲಿ ಎರಡು ನಾಡುಗಳ ಸಸ್ಯಗಳು ಕೈಗೆ ಸಿಗುತ್ತವೆ. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜು, 1950ರಲ್ಲಿ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯ, 1986ರಲ್ಲಿ ಸ್ಥಾಪನೆಯಾದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಇಲ್ಲಿವೆ. ಹುಬ್ಬಳ್ಳಿಯಲ್ಲಿ ಆಯುರ್ವೇದ ಮಹಾವಿದ್ಯಾಲಯವಿದೆ. ಆಯುರ್ವೇದದ ವಿದ್ಯಾರ್ಥಿ ಗಿಡವನ್ನು ನೋಡುವ ಬಗೆಯೇ ಬೇರೆ, ಸಸ್ಯಶಾಸ್ತ್ರದ ವಿದ್ಯಾರ್ಥಿ ನೋಡುವ ಬಗೆಯೇ ಬೇರೆ. ನೆಲನೆಲ್ಲಿಯಂತಹ ಅಲ್ಪ ಗಿಡವೊಂದು ಈ ಇಬ್ಬರನ್ನೂ ಒಂದೆಡೆ ಕೂಡಿಸಬಲ್ಲದು.

ಚರಕಸಂಹಿತೆಯು ಔಷಧಿಗಳನ್ನು 50 ವರ್ಗಗಳಾಗಿ ವಿಂಗಡಿಸಿ, ಒಂದೊಂದರಲ್ಲಿ ಹತ್ತು ದ್ರವ್ಯಗಳನ್ನು ಹೇಳುತ್ತದೆ. ಕೆಮ್ಮನ್ನು ಕಳೆಯುವಂಥವು ಕಾಸಹರ, ಉಬ್ಬಸವನ್ನು ಕಳೆಯುವಂಥವು ಶ್ವಾಸಹರ, ಜ್ವರವನ್ನು ಇಳಿಸುವಂಥವು ಜ್ವರಹರ. ಇಲ್ಲಿ ಗಿಡದ ರೂಪ ಮುಖ್ಯವಲ್ಲ, ಅದು ಮಾಡುವ ಕೆಲಸ ಮುಖ್ಯ. ಆದಕಾರಣ ಒಂದೇ ಗಿಡ ಎರಡು ಮನೆಗಳಲ್ಲಿ ವಾಸಿಸಬಹುದು. ನೆಲನೆಲ್ಲಿಯೆಂದು ಅರ್ಥೈಸಲಾಗುವ ತಾಮಲಕೀ ಕಾಸಹರದಲ್ಲಿಯೂ ಇದೆ, ಶ್ವಾಸಹರದಲ್ಲಿಯೂ ಇದೆ. ರೋಗಿಯ ಮುಂದೆ ಕುಳಿತ ವೈದ್ಯನಿಗೆ ಇಂತಹ ವಿಂಗಡಣೆ ಬಹಳ ಅನುಕೂಲವಾದುದು. ಆದರೆ ಕಾಡಿನಲ್ಲಿ ನಿಂತು, ಒಂದೇ ತೆರನಾದ ನಾಲ್ಕು ಗಿಡಗಳಲ್ಲಿ ಯಾವುದನ್ನು ಕೀಳಬೇಕೆಂದು ಯೋಚಿಸುವವನಿಗೆ ಅದರಿಂದ ನೆರವು ಸಿಗದು. ಆ ತಿಳಿವಳಿಕೆ ಗ್ರಂಥದಲ್ಲಿರಲಿಲ್ಲ. ಗುರುವಿನ ಬೆರಳ ತುದಿಯಲ್ಲಿತ್ತು.

ಆ ಬೆರಳ ತುದಿಯ ವಿದ್ಯೆ ಕಾಗದಕ್ಕಿಳಿದ ಪ್ರಸಂಗವೊಂದು ನಮ್ಮ ನೆರೆಯ ಮಲಬಾರಿನಲ್ಲಿಯೇ ನಡೆಯಿತು. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಎಂಬಾತನು ಇಟ್ಟಿ ಅಚ್ಯುತನ್ ಎಂಬ ನಾಡವೈದ್ಯನಿಂದಲೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರಿಂದಲೂ ಗಿಡಗಳ ವಿವರಗಳನ್ನು ಕೇಳಿ ಬರೆಯಿಸಿ, ಚಿತ್ರಗಳನ್ನು ಮಾಡಿಸಿದನು. 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದ ಆ ಗ್ರಂಥವೇ ಹಾರ್ಟಸ್ ಮಲಬಾರಿಕಸ್. ಅದರಲ್ಲಿ ನೆಲನೆಲ್ಲಿಯ ಜಾತಿಯ ಗಿಡವೊಂದು ಕಿರ್ಗನೆಲಿ ಎಂಬ ಹೆಸರಿನಿಂದ ಕುಳಿತಿದೆ. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಜಗತ್ತಿನ ಸಸ್ಯಗಳಿಗೆಲ್ಲ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದನು. ಅವನ ಪದ್ಧತಿಯಲ್ಲಿ ಒಂದು ಗಿಡಕ್ಕೆ ಒಂದೇ ಮನೆ; ಹೂವಿನ ಅಂಗಾಂಗಗಳೇ ಆ ಮನೆಯ ಗುರುತು. ಅವನಿಟ್ಟ ಫಿಲಾಂತಸ್ ನಿರೂರಿ ಎಂಬ ಹೆಸರು ಮುಂದೆ ಭಾರತದ ನೆಲನೆಲ್ಲಿಗೂ ಅಂಟಿಕೊಂಡಿತು. ಎರಡು ಶತಮಾನಗಳ ಕಾಲ ಎಲ್ಲರೂ ಅದನ್ನೇ ಬರೆದರು.

ಹೆಸರು ತಪ್ಪಾಗಿತ್ತು. ಅಮೆರಿಕದ ಸಸ್ಯವಿಜ್ಞಾನಿ ಗ್ರೇಡಿ ವೆಬ್‌ಸ್ಟರ್ 1950ರ ದಶಕದಲ್ಲಿ ಈ ಕುಲವನ್ನು ಕೂಲಂಕಷವಾಗಿ ಪರಿಶೀಲಿಸಿದನು. ನಿಜವಾದ ನಿರೂರಿ ಅಮೆರಿಕ ಖಂಡದ ಗಿಡವೆಂದೂ, ಭಾರತದಲ್ಲಿ ಆ ಹೆಸರಿನಡಿ ಒಂದಕ್ಕಿಂತ ಹೆಚ್ಚು ಗಿಡಗಳು ಅಡಗಿವೆಯೆಂದೂ ತಿಳಿದುಬಂದಿತು. ನಮ್ಮ ಹಿತ್ತಿಲಿನ ಸಾಮಾನ್ಯ ನೆಲನೆಲ್ಲಿಯ ಹೆಸರು ಫಿಲಾಂತಸ್ ಅಮಾರಸ್. ಲ್ಯಾಟಿನ್ನಿನಲ್ಲಿ ಅಮಾರಸ್ ಎಂದರೆ ಕಹಿ. ಎಲೆಯನ್ನು ಅಗಿದವರು ಈ ಹೆಸರನ್ನು ಒಪ್ಪದಿರಲಾರರು! ಅದನ್ನೇ ಹೋಲುವ ಇನ್ನೊಂದಕ್ಕೆ ವೆಬ್‌ಸ್ಟರನೇ ಫ್ರಾಟರ್ನಸ್, ಅಂದರೆ ಸೋದರ, ಎಂದು ಹೆಸರಿಟ್ಟನು. ಅಮಾರಸ್‌ನ ಹೂವಿಗೆ ಐದು ಎಸಳು, ಸೋದರನಿಗೆ ಆರು. ಯೂರಿನೇರಿಯ ಎಂಬ ಮೂರನೆಯದರ ಕಾಯಿ ತೊಟ್ಟಿಲ್ಲದೆ ಕಡ್ಡಿಗೆ ಅಂಟಿಕೊಂಡಿರುತ್ತದೆ. ಅದರ ಬೀಜದ ಮೇಲಿನ ಗೆರೆಗಳು ಅಡ್ಡವಾಗಿರುತ್ತವೆ. ಅಮಾರಸ್‌ನ ಬೀಜದಲ್ಲಿ ಗೆರೆಗಳು ಉದ್ದಕ್ಕೆ ಹರಿದಿರುತ್ತವೆ. ಬೀಜವಾದರೋ ಗಸಗಸೆಯಷ್ಟು, ಭೂತಗನ್ನಡಿಯಿಲ್ಲದೆ ಈ ಭೇದ ತಿಳಿಯದು.

ಇಷ್ಟು ಸೂಕ್ಷ್ಮವೇಕೆ, ಎಲ್ಲವೂ ನೆಲನೆಲ್ಲಿಯೇ ಅಲ್ಲವೇ ಎಂದು ಕೇಳುವವರು ಇರಬಹುದು. 1988ರಲ್ಲಿ ಮದರಾಸಿನ ತ್ಯಾಗರಾಜನ್ ಮತ್ತು ಅವರ ಸಂಗಡಿಗರು ಹೆಪಟೈಟಿಸ್-ಬಿ ವೈರಸ್ಸನ್ನು ಹೊತ್ತವರಿಗೆ ಅಮಾರಸ್‌ನ ಪುಡಿಯನ್ನು 30 ದಿನ ಕೊಟ್ಟು ಪರೀಕ್ಷಿಸಿದರು. ಆ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಬ್ಲಂಬರ್ಗ್ ಸಹ ಈ ಕಾರ್ಯದಲ್ಲಿ ಪಾಲುಗೊಂಡಿದ್ದರು. ಔಷಧಿ ಪಡೆದವರಲ್ಲಿ ನೂರಕ್ಕೆ 59 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಯಿತೆಂಬ ವರದಿ ಜಗತ್ತಿನ ಕಣ್ಣು ತೆರೆಸಿತು. ಆದರೆ ಥಾಯ್ಲೆಂಡ್, ನ್ಯೂಜಿಲೆಂಡ್‌ಗಳಲ್ಲಿ ಮತ್ತೆ ಪರೀಕ್ಷಿಸಿದಾಗ ಅಂತಹ ಫಲ ಸಿಗಲಿಲ್ಲ. ಆ ಗುಣ ಇಂದಿಗೂ ಸಿದ್ಧಪಟ್ಟಿಲ್ಲ. ಕಾಮಾಲೆಯಾದವರು ವೈದ್ಯರನ್ನು ಕಾಣದೆ ಗಿಡವನ್ನೇ ನಂಬಿ ಕುಳಿತುಕೊಳ್ಳುವುದು ಅಪಾಯ. ಗಿಡ ಯಾವುದೆಂಬುದೇ ಖಚಿತವಾಗದಿದ್ದರೆ ಪರೀಕ್ಷೆ ಗೆದ್ದರೂ ಸೋತರೂ ಗೆದ್ದುದು ಯಾವುದು, ಸೋತದ್ದು ಯಾವುದು ಎಂದು ಹೇಳುವವರಾರು?

ಗ್ರಂಥಿಗೆ ಅಂಗಡಿಯ ಚೀಲದಲ್ಲಿ ಈ ತೊಡಕು ಇನ್ನೂ ಹೆಚ್ಚುತ್ತದೆ. ಒಣಗಿದ ಗಿಡಕ್ಕೆ ಹೂವಿಲ್ಲ, ಎಲೆ ಉದುರಿಹೋಗಿರುತ್ತದೆ. ದಕ್ಷಿಣ ಭಾರತದ 25 ಅಂಗಡಿಗಳಿಂದ ತಂದ ನೆಲನೆಲ್ಲಿಯನ್ನು ವಿಜ್ಞಾನಿಗಳು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ನೂರಕ್ಕೆ 76ರಷ್ಟು ಅಂಗಡಿಗಳಲ್ಲಿ ಅಮಾರಸ್ ಇತ್ತು. ಉಳಿದ ಅಂಗಡಿಗಳಲ್ಲಿ ಅದೇ ಕುಲದ ಬೇರೆ ಐದು ಗಿಡಗಳು ಅದೇ ಹೆಸರಿನಿಂದ ಮಾರಾಟವಾಗುತ್ತಿದ್ದವು. ಮಾರುವವನಲ್ಲಿ ಮೋಸದ ಬುದ್ಧಿ ಇತ್ತೆನ್ನಲಾಗದು. ಕಿತ್ತು ತಂದವರ ಕಣ್ಣಿಗೂ ಅವೆಲ್ಲವೂ ನೆಲನೆಲ್ಲಿಯೇ. ಬ್ರಾಹ್ಮಿಯ ಕಥೆಯೂ ಹೀಗೆಯೇ: ಕೆಲವರಿಗೆ ಅದು ಒಂದೆಲಗ, ಕೆಲವರಿಗೆ ನೀರುಬ್ರಾಹ್ಮಿ.

ಆದುದರಿಂದಲೇ ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಗಿಡವನ್ನು ಬೇರುಸಹಿತ ಕಿತ್ತು, ಹಳೆಯ ವೃತ್ತಪತ್ರಿಕೆಯ ಮಡಿಕೆಯಲ್ಲಿಟ್ಟು, ಹಲಗೆಗಳ ನಡುವೆ ಅದುಮಿ ಒಣಗಿಸುತ್ತಾರೆ. ಮಳೆಗಾಲದಲ್ಲಿ ಕಾಗದವನ್ನು ದಿನವೂ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಒಂದು ಎಲೆಯ ಬೆನ್ನು ಮೇಲಾಗಿರಬೇಕು, ಹೂವು ಕಾಯಿಗಳು ಕಾಣಬೇಕು. ಬಳಿಕ ಅದನ್ನು ದಪ್ಪ ಹಾಳೆಗೆ ಅಂಟಿಸಿ, ಬಲಗಡೆಯ ಕೆಳಮೂಲೆಯಲ್ಲಿ ಚೀಟಿ ಹಚ್ಚುತ್ತಾರೆ: ಸಿಕ್ಕ ಊರು, ದಿನಾಂಕ, ಮಣ್ಣಿನ ಬಗೆ, ಹೂವಿನ ಬಣ್ಣ, ಕಿತ್ತವರ ಹೆಸರು, ಊರಿನವರು ಕರೆಯುವ ಹೆಸರು. ಲ್ಯಾಟಿನ್ ಹೆಸರನ್ನು ಬರೆಯುವ ಜಾಗವನ್ನು ಮಾತ್ರ, ಬೀಜವನ್ನು ಭೂತಗನ್ನಡಿಯ ಕೆಳಗಿಟ್ಟು ನೋಡುವವರೆಗೆ, ಖಾಲಿ ಬಿಟ್ಟಿರುತ್ತಾರೆ.