ನಮ್ಮ ಕೆರೆಗೆ ನೀರು ಕೊಟ್ಟ ಊರು

ಶಿರಾ ಕಡೆಯ ತಾವರೆಕೆರೆ ಸೀಮೆಯಲ್ಲಿ ಹುಟ್ಟಿದವರಿಗೆ ಮೋಡ ನೋಡುವ ಚಾಳಿ ಬಿಡುವುದಿಲ್ಲ. ಕಡಲೆಕಾಯಿ ಬಿತ್ತಿ, ಮಳೆ ಹಿರಿಯೂರಿನ ಕಡೆ ಹೋಯಿತೋ ಪಾವಗಡದ ಕಡೆ ಹೋಯಿತೋ ಎಂದು ಕತ್ತೆತ್ತಿ ನಿಲ್ಲುವ ಜನ ನಾವು. ವರ್ಷಕ್ಕೊಮ್ಮೆ ನೀರಲ್ಲಿ ಮುಳುಗುವ ಚರ್ಚೊಂದಿದೆ ಎಂದು ಕೇಳಿದ ಮೇಲೆ ನೋಡದೆ ಇರುವುದು ಹೇಗೆ?

ಬುಕ್ಕಾಪಟ್ಟಣ, ಹುಳಿಯಾರು, ಅರಸೀಕೆರೆ ಹಾದು ಹಾಸನ ಸೇರುವಷ್ಟರಲ್ಲಿ ಜಾಲಿ ಹಿಂದೆ ಬಿದ್ದು, ತೆಂಗು ಬಂದು, ಗಾಳಿಗೆ ತಂಪು ಹತ್ತಿರುತ್ತದೆ. ಅಲ್ಲಿಂದ ಆ ಚರ್ಚ್ ಇರುವ ಶೆಟ್ಟಿಹಳ್ಳಿ ದೂರವೇನಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಹೇಮಾವತಿಯ ದಂಡೆಯಲ್ಲಿ ಕಟ್ಟಿಸಿದ ರೋಸರಿ ಚರ್ಚ್ ಇದು. ಅದೇ ನದಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟೆ 1979ರಲ್ಲಿ ಮುಗಿಯಿತು, ಹಿನ್ನೀರು ಏರಿತು, ಊರಿನವರು ಬೇರೆಡೆಗೆ ಹೋದರು. ಚರ್ಚ್ ಮಾತ್ರ ಅಲ್ಲೇ ಉಳಿಯಿತು.

ನಾನು ಹೋದಾಗ ಸಂಕ್ರಾಂತಿ ಕಳೆದಿತ್ತು, ನೀರು ಇಳಿಯುತ್ತಿತ್ತು. ಸೂರಿಲ್ಲ, ಬಾಗಿಲಿಲ್ಲ. ಚೂಪು ಕಮಾನುಗಳು ಮಾತ್ರ ಸಾಲಾಗಿ ನಿಂತಿವೆ. ಒಂದು ಕಂಬದ ಬುಡದಲ್ಲಿ ಕುಳಿತು ಗಾರೆಯ ಮೇಲೆ ಕೈಯಾಡಿಸಿದೆ. ನೀರು ಇಳಿದಂತೆಲ್ಲ ಬಿಟ್ಟುಹೋದ ಗೆರೆಗಳು ಒಂದರ ಕೆಳಗೊಂದು. ಮೇಲಿನದು ಒಣಗಿ ಬೆಳ್ಳಗೆ, ನಡುವಿನದು ಪಾಚಿ ಹಸಿರು, ತೀರಾ ಕೆಳಗಿನದು ಇನ್ನೂ ಒದ್ದೆ. ಗಾರೆ ಉದುರಿದ ಕಡೆ ಇಟ್ಟಿಗೆ ಮೆತ್ತಗಾಗಿ ಬೆರಳಿಗೆ ಕೆಂಪು ಹತ್ತುತ್ತದೆ. ಗೋಡೆ ಹತ್ತಬೇಡಿ ಎಂದು ನೋಡಲು ಬರುವ ಎಲ್ಲರಿಗೂ ನಾನು ಬೇಡಿಕೊಳ್ಳುತ್ತೇನೆ.

ಬಲಿಪೀಠವಿದ್ದ ಕಡೆ ಯಾರೋ ಮೇಣದಬತ್ತಿ ಹಚ್ಚಿದ್ದರು. ಹೊರಗೆ ಮದುವೆಯಾಗಲಿರುವ ಜೋಡಿಯೊಂದು ಫೋಟೊಗೆ ನಿಂತಿತ್ತು. ಯಾರು ಬೇಕಾದರೂ ಬಂದುಹೋಗುವ ಈ ಜಾಗದಲ್ಲಿ ಕುಳಿತಾಗ ಜೆರುಸಲೇಮಿನ ಪವಿತ್ರ ಸಮಾಧಿ ಚರ್ಚ್ ನೆನಪಾಯಿತು. ಗ್ರೀಕ್ ಆರ್ಥೊಡಾಕ್ಸ್, ರೋಮನ್ ಕ್ಯಾಥೊಲಿಕ್, ಅರ್ಮೇನಿಯನ್, ಕಾಪ್ಟಿಕ್, ಇಥಿಯೋಪಿಯನ್, ಸಿರಿಯನ್, ಹೀಗೆ ಆರು ಸಭೆಯವರು ಆ ಒಂದು ಸೂರನ್ನು ಹಂಚಿಕೊಂಡಿದ್ದಾರೆ. ಯಾವ ಜಾಗ ಯಾರದು ಎಂಬುದಕ್ಕೆ 1852ರ ಒಟ್ಟೊಮನ್ ಫರ್ಮಾನು ಇಂದಿಗೂ ಆಧಾರ. ಬೀಗದ ಕೈ ಮಾತ್ರ ಮುಸ್ಲಿಂ ಮನೆತನದವರ ಬಳಿ. ಅಷ್ಟು ಎಚ್ಚರದ ಪಾಲುದಾರಿಕೆಯ ಬಗ್ಗೆ ನನಗೆ ಗೌರವವಿದೆ. ಆದರೆ ನನ್ನ ಮನಸ್ಸು ಒಲಿದದ್ದು ಬೀಗವೇ ಬೇಡವಾದ ಈ ಶೆಟ್ಟಿಹಳ್ಳಿಗೆ.

ನೀರಂಚಿನಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ಕೇಳಿದರು, “ಯಾವೂರಾಯ್ತಪ್ಪಾ?”

“ಶಿರಾ ಕಡೆ ಯಜಮಾನ್ರೇ, ತಾವರೆಕೆರೆ.”

“ಓ, ಇಲ್ಲಿ ನೀರು ನಿಮ್ಮ ಕಡೀಗೇ ಅಲ್ವಾ ಬರೋದು!”

ಅದು ನಿಜ. ಈ ನೀರೇ ನಾಲೆ ಹಿಡಿದು, ಬಾಗೂರು–ನವಿಲೆಯ ಸುರಂಗ ನುಸುಳಿ, ತುಮಕೂರು ಸೀಮೆಗೆ ಹರಿದು ಕಳ್ಳಂಬೆಳ್ಳದ ಕೆರೆಗೂ ಶಿರಾ ಕೆರೆಗೂ ಬರುತ್ತದೆ. ನಮ್ಮ ಬೋರುಗಳಲ್ಲಿ ಮತ್ತೆ ನೀರಾಡಿದ್ದಕ್ಕೆ, ಕೊಡ ಹೊತ್ತ ಹೆಂಗಸರ ದಾರಿ ಒಂದಿಷ್ಟು ಹತ್ತಿರವಾದದ್ದಕ್ಕೆ ಇಲ್ಲೊಂದು ಊರು ಎದ್ದು ಹೋಗಿದೆ. ಇದು ನಾಲೆಯ ನಕಾಶೆಯಲ್ಲಿ ಕಾಣುವುದಿಲ್ಲ.

ಶಿರಾ ಕೆರೆ ಕೋಡಿ ಬಿದ್ದರೆ ಜನ ಜಾತ್ರೆಯಂತೆ ಸೇರುತ್ತಾರೆ. ಗಂಗಾಪೂಜೆ ಮಾಡಿ, ಬಾಗಿನ ಬಿಟ್ಟು, ಹೇಮಾವತಮ್ಮನಿಗೆ ಕೈಮುಗಿಯುತ್ತೇವೆ. ಮುಂದಿನ ಬಾಗಿನದ ದಿನ ನನಗೊಂದು ಮಾತಿಗೆ ಅವಕಾಶ ಸಿಕ್ಕರೆ, ಶೆಟ್ಟಿಹಳ್ಳಿಯ ಹೆಸರನ್ನು ಮೈಕಿನಲ್ಲಿ ಗಟ್ಟಿಯಾಗಿ ಹೇಳಬೇಕೆಂದಿದ್ದೇನೆ.