ಹೇಮಂತದಲ್ಲಿ ಹಳೆಯ ಬೈಸಿಕಲ್ಲು

ಹೇಮಂತ ಋತುವಿನ ಪ್ರಾತಃಕಾಲದಲ್ಲಿ ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಬೈಸಿಕಲ್ಲಿನ ಮೇಲೆ ಹೋಗುವ ಸುಖವು ವರ್ಣನಾತೀತವಾದುದು. ನನ್ನ ವಾಹನವು ತೀರ್ಥರೂಪರ ಕಾಲದ ರ್‍ಯಾಲಿ. 28 ಅಂಗುಲದ ಚಕ್ರಗಳು, ಕಂಬಿಯ ಬ್ರೇಕು. ಅದನ್ನು ಗುಜರಿಗೆ ಹಾಕಬೇಕೆಂದು ಮಕ್ಕಳ ಆಗ್ರಹ. ಆದರೆ ನುರಿತ ಕೆಲಸಗಾರನೊಬ್ಬನು ಸವೆದ ಗುಂಡುಗಳನ್ನು ಬದಲಿಸಿ, ಕಡ್ಡಿಗಳನ್ನು ಬಿಗಿದು, ಚಕ್ರಗಳ ಓರೆಯನ್ನು ತೆಗೆದುಕೊಟ್ಟನು.

ಮೊದಲ ದಿನ ಕುಕ್ಕರಹಳ್ಳಿ ಕೆರೆಯವರೆಗೆ ಮಾತ್ರ ಹೋಗಿಬಂದೆನು. ಹೊಸದಾಗಿ ಬಿಗಿದ ಕಡ್ಡಿಗಳು ಮೊದಲ ಸವಾರಿಯಲ್ಲಿ ಸಡಿಲುವುದುಂಟು. ಚಳಿಗೆ ಟೈರಿನ ಗಾಳಿಯೂ ಸಂಕುಚಿಸುವುದರಿಂದ ಹೊರಡುವಾಗಲೇ ಅದನ್ನು ತುಂಬಿಕೊಳ್ಳಬೇಕು. ಮೂರನೆಯ ದಿನ, ಸುಮಾರು 15 ಕಿಲೋಮೀಟರು ಕ್ರಮಿಸಿದ ಮೇಲೆ, ಮಂಜಿನ ನಡುವೆ ವೆಲ್ಲೆಸ್ಲಿ ಸೇತುವೆಯ ಕಲ್ಲುಗಂಬಗಳು ಗೋಚರಿಸಿದವು. ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ 1804ರಲ್ಲಿ ಮುಗಿದ ಆ ಸೇತುವೆಯು ಕಾವೇರಿಯ ಎಷ್ಟೋ ಪ್ರವಾಹಗಳನ್ನು ಕಂಡಿದೆ. ವಾಚಕರೇ, ಹಳೆಯದೆಂದು ಒಂದು ವಸ್ತುವನ್ನು ತ್ಯಜಿಸುವ ಮೊದಲು ಅದಕ್ಕೆ ಎಣ್ಣೆ ಹಾಕಿ ನೋಡಿರಿ.