ಮಡ್ಡಿಯ ಸಾಕ್ಷಿ

ಬೊಮ್ಮನಹಾಳಿನ ಕಡೆ ರಾಜಕೀಯ ಮಾತಾಡದವರು ಸಿಕ್ಕಾರು, ಶೇಂಗಾ ಎಣ್ಣೆಯ ಮಾತೆತ್ತದವರು ಸಿಗಲಿಕ್ಕಿಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು, ಈ ಊರು ಸೇರಿದ್ದ ರಾಯದುರ್ಗ ತಾಲ್ಲೂಕು ಆಂಧ್ರದ ಪಾಲಾಯಿತು. ನಾಲಿಗೆ ಮೇಲಿನ ಕನ್ನಡ, ಬಾಣಲೆಯೊಳಗಿನ ಶೇಂಗಾ ಎಣ್ಣೆ ಎರಡೂ ಇದ್ದಲ್ಲೇ ಉಳಿದವು. ಹಗರಿ ಹೊಳೆಯ ಮರಳು ಹೊಲಕ್ಕೆ ನುಗ್ಗುವ ಸೀಮೆ ಇದು. ತುಂಗಭದ್ರಾ ಮೇಲ್ಮಟ್ಟದ ಕಾಲುವೆಯ (ಎಚ್‌ಎಲ್‌ಸಿ) ನೀರು ಸಿಕ್ಕವರು ಭತ್ತ ಹಚ್ಚುತ್ತಾರೆ, ಸಿಗದವರು ಮುಗಿಲು ನೋಡುತ್ತ ಶೇಂಗಾ ಬಿತ್ತುತ್ತಾರೆ.

ಈಗ ಎಲ್ಲಿ ನೋಡಿದರೂ ‘ಗಾಣದ ಎಣ್ಣೆ’ ಬೋರ್ಡು. ಎತ್ತಿನ ಜಾಗಕ್ಕೆ ಮೋಟಾರು ಬಂದಿದೆ, ಇರಲಿ. ಗಿರಾಕಿ ಬಾಟಲಿಯನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡುತ್ತಾನೆ. ತಳದಲ್ಲಿ ಬೆರಳಗಲ ಮಡ್ಡಿ ಕಂಡರೆ ಮುಖ ಸಿಂಡರಿಸಿ ಪಕ್ಕಕ್ಕಿಡುತ್ತಾನೆ. ನನ್ನ ತಕರಾರು ಅಲ್ಲೇ. ಶೇಂಗಾದ ವಂಶಾವಳಿ, ಅಂದರೆ ಡಿಎನ್‌ಎ, ಇರುವುದೇ ಆ ಮಡ್ಡಿಯಲ್ಲಿ. ಡಿಎನ್‌ಎ ಎಣ್ಣೆಯಲ್ಲಿ ಕರಗುವ ವಸ್ತುವಲ್ಲ. ಹಿಂಡುವಾಗ ಒಡೆದ ಬೀಜದ ಚೂರು, ಕಣ್ಣಿಗೆ ಕಾಣದ ನೀರಿನ ಹನಿ, ಇವುಗಳಿಗೆ ಅಂಟಿಕೊಂಡು ಬಂದಷ್ಟೇ ಲಾಭ.

ಆಲಿವ್ ಎಣ್ಣೆಯವರು ಇದನ್ನು ನಮಗಿಂತ ಮೊದಲೇ ತಲೆಗೆ ಹಚ್ಚಿಕೊಂಡರು. ದುಬಾರಿ ಸರಕು, ಕಲಬೆರಕೆಯೂ ಜೋರು; ಯಾವ ತಳಿಯ ಕಾಯಿಯದೆಂದು ಡಿಎನ್‌ಎಯಿಂದ ಹಿಡಿಯಹೊರಟರು. ಹೊಸದಾಗಿ ಹಿಂಡಿದ, ಸೋಸದ ಎಣ್ಣೆಯಲ್ಲಿ ಕೆಲಸ ಕೂಡಿಬಂತು. ಇಟ್ಟಷ್ಟೂ ಕೆಟ್ಟಿತು. ನೀರಿನ ಹನಿಯಲ್ಲಿನ ಕಿಣ್ವಗಳು, ಗಾಳಿ, ಬೆಳಕು, ಸೆಕೆ ಎಲ್ಲ ಸೇರಿ ಡಿಎನ್‌ಎಯ ಉದ್ದ ಎಳೆಯನ್ನು ಹರಿದು ಹಾಕುತ್ತವೆ. ಪಿಸಿಆರ್ ಎಂಬ ನಕಲು ಯಂತ್ರ ತಾನು ಹುಡುಕುವ ತುಣುಕು ಇಡಿಯಾಗಿದ್ದರೆ ಮಾತ್ರ ನಕಲು ಮಾಡೀತು. ಹಳೆ ಎಣ್ಣೆಯಲ್ಲಿ ನೂರು ಅಕ್ಷರದ ಗಿಡ್ಡ ತುಣುಕು ಸಿಕ್ಕರೆ ಪುಣ್ಯ. ಅಂದಮೇಲೆ ನಮ್ಮ ಅಂಗಡಿ ಮುಂಗಟ್ಟಿನಲ್ಲಿ, ಏಪ್ರಿಲ್ ಬಿಸಿಲಲ್ಲಿ ಮಿರಮಿರ ಮಿಂಚುವ ಬಾಟಲಿಯ ಗತಿ ನೀವೇ ಊಹಿಸಿ. ಕಮಟು ವಾಸನೆ ಬರುವ ಮೊದಲೇ ಸಾಕ್ಷಿಗೆ ಮರೆವು ಬಂದಿರುತ್ತದೆ.

ಇನ್ನೊಂದು ಪೇಚಿದೆ. ಶೇಂಗಾ ಎಣ್ಣೆಗೆ ಬೆರೆಸುವುದು ಸಾಮಾನ್ಯವಾಗಿ ರಿಫೈನ್ಡ್ ಪಾಮೋಲಿನ್. ಅದರ ಅಂಟು ತೆಗೆದು, ಬಣ್ಣ ತೆಗೆದು, 200 ಡಿಗ್ರಿ ಮೀರಿದ ಕಾವಿನಲ್ಲಿ ವಾಸನೆಯನ್ನೂ ತೆಗೆದಿರುತ್ತಾರೆ. ಡಿಎನ್‌ಎ ಹೆಚ್ಚುಕಡಿಮೆ ಉಳಿದಿರುವುದೇ ಇಲ್ಲ. ಪರೀಕ್ಷೆಯಲ್ಲಿ ಶೇಂಗಾ ‘ಹಾಜರ್’ ಅನ್ನುತ್ತದೆ, ಕಳ್ಳ ಉಸಿರೇ ಎತ್ತುವುದಿಲ್ಲ! ಅವನನ್ನು ಹಿಡಿಯಲು ಕೊಬ್ಬಿನಾಮ್ಲಗಳ ಲೆಕ್ಕವೇ ಬೇಕು: ಪಾಲ್ಮಿಟಿಕ್ ಆಮ್ಲ ಶೇಂಗಾದಲ್ಲಿ ಸುಮಾರು 10%, ಪಾಮೋಲಿನ್‌ನಲ್ಲಿ ಸುಮಾರು 40%. ಈ ಲೆಕ್ಕ ತಿಂಗಳೊಪ್ಪತ್ತಿಗೆ ಅಳಿಸಿಹೋಗುವಂಥದ್ದಲ್ಲ.

ಹತ್ತಿಕಾಳಿನ ಎಣ್ಣೆ ಬೆರೆಸಿದ್ದರೆ ಹಳಬರ ಹಾಲ್ಫೆನ್ ಪರೀಕ್ಷೆ ಇದೆ, ಗಂಧಕದ ದ್ರಾವಣ ಹಾಕಿ ಕಾಯಿಸಿದರೆ ಕೆಂಪಾಗುತ್ತದೆ. ಅದಕ್ಕೂ ಡಿಎನ್‌ಎಗೆ ಬಂದ ರೋಗವೇ: ಎಣ್ಣೆಯನ್ನು ಮೊದಲೇ ಜೋರಾಗಿ ಕಾಯಿಸಿಟ್ಟಿದ್ದರೆ ಕೆಂಪು ಮಸುಕಾಗುತ್ತದೆ. ಉಲ್ಟಾ ತಮಾಷೆಯೂ ಉಂಟು. ಹತ್ತಿಕಾಳು ತಿಂದ ದನದ ಬೆಣ್ಣೆ, ಯಾವ ಕಲಬೆರಕೆ ಇಲ್ಲದಿದ್ದರೂ, ಇದೇ ಪರೀಕ್ಷೆಯಲ್ಲಿ ಕೆಂಪಾಗಿ ಸಿಕ್ಕಿಬೀಳುತ್ತದೆ. ಬಳ್ಳಾರಿ ಸೀಮೆಯಲ್ಲಿ ಹತ್ತಿಕಾಳು ತಿನ್ನದ ಎಮ್ಮೆ ಎಲ್ಲಿದೆ ಹೇಳಿ!